ಸರಿ ಉತ್ತರ ಕೊಟ್ಟವರನ್ನು ಕೇಳಿದ್ರಾ?

(ಶಿಕ್ಷಕರು ಆನ್‌ಲೈನಿನಲ್ಲಿ ಒಬ್ಬರಿಂದೊಬ್ಬರು ಕಲಿಯುವುದರ ಬಗ್ಗೆ ಶಿಕ್ಷಕರ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಸುತ್ತಿ ಬಳಸಿ ಹೇಳಿದ್ದನ್ನು ಒಂದಿಷ್ಟು ಕತ್ತರಿಸಿದ್ದೇನೆ, ಉಳಿದದ್ದು ಹಾಗೇ ಇದೆ.)

ಬೋರ್ಡ್ ಹೇಗೂ ಇದೆಯಲ್ಲ, ಮೊದಲು ಎರಡು ಸಂಖ್ಯೆ ಬರೆದುಬಿಡುತ್ತೇನೆ. 0.35 ಮತ್ತು 0.5. ಯಾವುದು ದೊಡ್ಡದು?

ನಗುತ್ತಿದ್ದೀರಿ. ನನಗೂ ಇದು ನಗುವಷ್ಟು ಸುಲಭದ ಪ್ರಶ್ನೆಯಾಗಿಯೇ ಕಂಡಿತ್ತು. ದಶಮಾಂಶದ ಪಾಠ ಮುಗಿಸಿ ಎರಡು ವಾರವಾಗಿತ್ತು. ಒಂದು ಚಿಕ್ಕ ಪರೀಕ್ಷೆ ಇಟ್ಟೆ. ಮಕ್ಕಳಿಗೆ ಧೈರ್ಯ ಬರಲಿ ಅಂತ ಮೊದಲನೆಯದಾಗಿ ಇದನ್ನು ಹಾಕಿದ್ದೆ. ತರಗತಿಯ 40 ಮಕ್ಕಳಲ್ಲಿ 17 ಮಂದಿ 0.35 ದೊಡ್ಡದು ಅಂತ ಬರೆದಿದ್ದರು.

ಕಾರಣ ನಿಮಗೆಲ್ಲ ಗೊತ್ತಿರುವುದೇ. 35 ದೊಡ್ಡದು, 5 ಚಿಕ್ಕದು. ಆ ಚುಕ್ಕೆ ಅವರ ಲೆಕ್ಕಕ್ಕೇ ಬಂದಿಲ್ಲ. ಮರುದಿನ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡೆ. ‘ಸೊನ್ನೆ ಹಾಕಿಸಿ ಮಿಸ್, 0.50 ಮಾಡಿಸಿದ್ರೆ ಮುಗೀತು’ ಅಂದರು ಒಬ್ಬರು. ‘ಈಗಿನ ಮಕ್ಕಳಿಗೆ ಗಮನ ಅನ್ನೋದೇ ಇಲ್ಲ ಬಿಡಿ’ ಅಂದರು ಇನ್ನೊಬ್ಬರು. ಅಷ್ಟರಲ್ಲಿ ಬೆಲ್ ಹೊಡೆಯಿತು. ಎಲ್ಲರೂ ಎದ್ದು ಅವರವರ ಕ್ಲಾಸಿಗೆ ಹೋದೆವು.

ಆ ರಾತ್ರಿ ಒಂದು ಉತ್ತರ ಪತ್ರಿಕೆಯ ಫೋಟೊ ತೆಗೆದೆ. ಗಣಿತ ಕಲಿಸುವವರ ಒಂದು ಆನ್‌ಲೈನ್ ಗುಂಪಿನಲ್ಲಿ ಹಾಕಿದೆ. ಆ ಗುಂಪು ಸೇರಿ ಒಂದೂವರೆ ವರ್ಷವಾಗಿತ್ತು, ಅಲ್ಲಿಯವರೆಗೆ ಒಂದು ಸಾಲೂ ಬರೆದಿರಲಿಲ್ಲ. ‘17 ಮಕ್ಕಳು ಹೀಗೆ ಮಾಡಿದ್ದಾರೆ, ಪಾಠ ಎರಡು ಸಲ ಮಾಡಿದ್ದೇನೆ, ಮುಂದೇನು ಮಾಡಲಿ?’ ಅಂತ ಬರೆದು, ಕಳಿಸುವ ಗುಂಡಿ ಒತ್ತುವ ಮೊದಲು ಎರಡು ಸಲ ಅಳಿಸಿದೆ. ಪಾಠ ಎರಡು ಸಲ ಮಾಡಿಯೂ ಹತ್ತಿಲ್ಲ ಅಂತ ಗೊತ್ತಿಲ್ಲದವರ ಮುಂದೆ ಒಪ್ಪಿಕೊಳ್ಳುವುದು ಸುಲಭವಲ್ಲ.

ಬೆಳಗ್ಗೆ ನೋಡಿದರೆ 11 ಉತ್ತರ. ಅರ್ಧಕ್ಕರ್ಧ ಜನ ಅದೇ ಸೊನ್ನೆಯ ಮದ್ದು ಹೇಳಿದ್ದರು. ಅದರ ಕೆಳಗೆ ಒಬ್ಬರು ಬರೆದಿದ್ದರು: ‘ಸೊನ್ನೆ ಹಾಕಿಸಿದರೆ ಉತ್ತರ ಸರಿಯಾಗುತ್ತದೆ. ಆದರೆ ಮಗು ಆಗಲೂ 35 ಮತ್ತು 50 ಅನ್ನೇ ಹೋಲಿಸುತ್ತಿರುತ್ತದೆ. ಚುಕ್ಕೆ ಆಗಲೂ ಕಾಣುವುದಿಲ್ಲ.’ ಇನ್ನೊಬ್ಬರು ಕೇಳಿದ್ದರು: ‘ಕ್ಲಾಸಿನಲ್ಲಿ ಅದನ್ನು ಹೇಗೆ ಓದುತ್ತೀರಿ? ಪಾಯಿಂಟ್ ಮೂವತ್ತೈದು ಅಂತಲೋ, ಪಾಯಿಂಟ್ ಮೂರು ಐದು ಅಂತಲೋ?’ ನಾಲಿಗೆ ಕಚ್ಚಿಕೊಂಡೆ. ಇಷ್ಟು ವರ್ಷವೂ ಮೂವತ್ತೈದು ಅಂತಲೇ ಓದಿಕೊಂಡು ಬಂದಿದ್ದೆ. ಮೂವತ್ತೈದು ಅಂತ ನನ್ನ ಬಾಯಲ್ಲೇ ಕೇಳಿದ ಮಗು ಅದನ್ನು ಐದಕ್ಕಿಂತ ದೊಡ್ಡದು ಅಂದುಕೊಂಡರೆ ತಪ್ಪು ಯಾರದು?

ಕೊನೆಯದು ಒಂದೇ ಸಾಲು. ‘ಸರಿ ಉತ್ತರ ಕೊಟ್ಟ 23 ಮಕ್ಕಳನ್ನು ಕೇಳಿದ್ರಾ, ಯಾಕೆ ಅಂತ?’

ನಾನು ಕೇಳಿರಲಿಲ್ಲ. ಯಾಕೆ ಕೇಳಬೇಕು? ಅವರದ್ದು ಸರಿ ಇತ್ತಲ್ಲ.

ಮರುದಿನ ಕೇಳಿದೆ. ಹೆಚ್ಚಿನವರು ಸರಿಯಾಗೇ ಹೇಳಿದರು. ಮೂರನೇ ಬೆಂಚಿನ ಒಬ್ಬಳು ಎದ್ದು ನಿಂತು, ‘ಮಿಸ್, ಮೂವತ್ತೈದನೇ ಒಂದು ಭಾಗ ಚಿಕ್ಕದು ಅಲ್ವಾ? ಐದನೇ ಒಂದು ಭಾಗ ದೊಡ್ಡದು. ಅದಕ್ಕೇ’ ಅಂದಳು. ಭಿನ್ನರಾಶಿ ಕಲಿಸುವಾಗ ಕೆಳಗಿನ ಸಂಖ್ಯೆ ದೊಡ್ಡದಾದಷ್ಟೂ ಭಾಗ ಚಿಕ್ಕದಾಗುತ್ತದೆ ಅಂತ ನಾನೇ ಹೇಳಿಕೊಟ್ಟಿದ್ದೆ. ಅವಳು ಅದನ್ನು ಚೆನ್ನಾಗಿ ಕಲಿತಿದ್ದಳು, ಇಲ್ಲಿಗೆ ತಂದು ಹಚ್ಚಿದ್ದಳು. ಉತ್ತರ ಸರಿ, ದಾರಿ ಪೂರ್ತಿ ತಪ್ಪು. ಬೋರ್ಡಿನ ಮೇಲೆ 0.4 ಮತ್ತು 0.75 ಬರೆದೆ. 0.4 ದೊಡ್ಡದು ಅಂದಳು. ಅವಳ ಹಾಗೆ ಹೇಳಿದವರು ಒಟ್ಟು ಆರು ಮಂದಿ. ಆರೂ ಜನಕ್ಕೆ ನಾನು ಕೆಂಪು ಪೆನ್ನಿನಲ್ಲಿ ರೈಟ್ ಹಾಕಿ ಕೊಟ್ಟಿದ್ದೆ.

ಆ ಒಂದು ಸಾಲು ಬರೆದವರು ಆಮೇಲೆ ಒಂದು ಲಿಂಕ್ ಕಳಿಸಿದರು. ಮೆಲ್ಬರ್ನ್ ವಿಶ್ವವಿದ್ಯಾಲಯದ ಕೇಯ್ ಸ್ಟೇಸಿ ಮತ್ತು ವಿಕಿ ಸ್ಟೈನ್ಲ್ ಅವರು ಮಕ್ಕಳು ದಶಮಾಂಶಗಳನ್ನು ಹೇಗೆ ಹೋಲಿಸುತ್ತಾರೆ ಅಂತ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ‘ಉದ್ದ ಇದ್ದದ್ದು ದೊಡ್ಡದು’ ಅನ್ನುವ ಮಕ್ಕಳು ಒಂದು ಬಗೆ, ‘ಗಿಡ್ಡ ಇದ್ದದ್ದು ದೊಡ್ಡದು’ ಅನ್ನುವವರು ಇನ್ನೊಂದು ಬಗೆ. ನಾನು ಕೇಳಿದ ಪ್ರಶ್ನೆ ಮೊದಲನೇ ಬಗೆಯವರನ್ನು ಮಾತ್ರ ಹಿಡಿಯುತ್ತದೆ, ಎರಡನೇ ಬಗೆಯವರಿಗೆ ಪುಕ್ಕಟೆ ಅಂಕ ಕೊಡುತ್ತದೆ. ಇಬ್ಬರನ್ನೂ ಹಿಡಿಯಬೇಕಾದರೆ ಎರಡು ಥರದ ಜೋಡಿ ಸಂಖ್ಯೆ ಬೇಕು. ಈ ವಿಷಯ ನಾನು ಪಾಠ ಶುರು ಮಾಡುವ ಎಷ್ಟೋ ವರ್ಷ ಮೊದಲೇ ಗೊತ್ತಿತ್ತು. ನನಗೆ ತಲುಪಿರಲಿಲ್ಲ, ಅಷ್ಟೇ.

ಇವತ್ತಿನ ವಿಷಯಕ್ಕೆ ಆಹ್ವಾನ ಪತ್ರಿಕೆಯಲ್ಲಿ ‘ವೈಯಕ್ತಿಕ ಕಲಿಕಾ ಜಾಲ’ ಅಂತ ದೊಡ್ಡ ಹೆಸರು ಹಾಕಿದ್ದಾರೆ. ಚಿಕ್ಕದಾಗಿ ಪಿಎಲ್‌ಎನ್ ಅನ್ನುತ್ತಾರೆ. ಹೆಸರು ಕೇಳಿದರೆ ಯಾವುದೋ ಆ್ಯಪ್ ಡೌನ್‌ಲೋಡ್ ಮಾಡಬೇಕೇನೋ ಅನ್ನಿಸುತ್ತದೆ. ಅಂಥದ್ದೇನಿಲ್ಲ. ಪಾಠ ಎಡವಿದಾಗ ನೀವು ಯಾರನ್ನೆಲ್ಲ ಕೇಳುತ್ತೀರಿ, ಯಾರ ಬರಹ ಓದುತ್ತೀರಿ, ಯಾರು ನಿಮ್ಮನ್ನು ಕೇಳುತ್ತಾರೆ, ಆ ಜನರೆಲ್ಲ ಸೇರಿ ನಿಮ್ಮ ಜಾಲ. ಅದು ಆನ್‌ಲೈನ್ ಆದಾಗ ಊರು, ಶಾಲೆ, ಟೈಮ್‌ಟೇಬಲ್ ಅಡ್ಡ ಬರುವುದಿಲ್ಲ. ನನ್ನ ಜಾಲ ನಿಮ್ಮದರ ಹಾಗೆ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ‘ವೈಯಕ್ತಿಕ’ ಅನ್ನುವ ಮಾತಿಗೆ ಅರ್ಥ ಅದೇ.

ಇದು ನಮಗೇ ಯಾಕೆ ಇಷ್ಟು ಜಾಸ್ತಿ ಬೇಕು? ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲೇ ಶಾಲೆಯನ್ನು ಮೊಟ್ಟೆ ಜೋಡಿಸುವ ಟ್ರೇಗೆ ಹೋಲಿಸಿದ್ದರು. ಪ್ರತಿ ಮೊಟ್ಟೆಗೂ ಅದರದ್ದೇ ಗುಳಿ, ಒಂದಕ್ಕೊಂದು ತಾಗುವುದಿಲ್ಲ. ನಾವು ದಿನಕ್ಕೆ ಐದಾರು ಪಿರಿಯಡ್ ಜನರ ಮಧ್ಯೆಯೇ ಇರುತ್ತೇವೆ, ಆದರೆ ನಮ್ಮ ಕೆಲಸವನ್ನೇ ಮಾಡುವ ಇನ್ನೊಬ್ಬರ ಕಣ್ಣೆದುರು ಇರುವುದಿಲ್ಲ. ಆಪರೇಷನ್ ಥಿಯೇಟರಿನಲ್ಲಿ ಒಬ್ಬ ಡಾಕ್ಟರ ಕೈಯನ್ನು ಇನ್ನೊಬ್ಬರು ನೋಡುತ್ತಾರೆ. ನಮ್ಮಲ್ಲಿ ಬಾಗಿಲು ಹಾಕಿಕೊಂಡ ಮೇಲೆ ನೋಡುವವರು ಮಕ್ಕಳು ಮಾತ್ರ.

ಲಾರ್ಟಿ ಹೇಳಿದ ಇನ್ನೊಂದು ಮಾತು ಇದಕ್ಕಿಂತ ಚುರುಕು. ಒಬ್ಬ ವಿದ್ಯಾರ್ಥಿ ಹೈಸ್ಕೂಲು ಮುಗಿಸುವ ಹೊತ್ತಿಗೆ ಸುಮಾರು 13,000 ಗಂಟೆ ಶಿಕ್ಷಕರನ್ನು ನೋಡುತ್ತಾ ಕೂತಿರುತ್ತಾನೆ ಅಂತ ಅವರ ಲೆಕ್ಕ. ನಾವೂ ಹಾಗೆ ಕೂತವರೇ. ಶಿಕ್ಷಕರ ತರಬೇತಿಗೆ ಕಾಲಿಡುವ ಮೊದಲೇ ಪಾಠ ಮಾಡುವುದು ಅಂದರೆ ಹೇಗೆ ಅಂತ ನಮ್ಮ ಮೈಗೆ ಹತ್ತಿರುತ್ತದೆ. ಆದರೆ ಬೆಂಚಿನಿಂದ ಕಾಣುವುದು ಮೇಷ್ಟ್ರು ಮಾಡಿದ್ದು ಮಾತ್ರ, ಅವರು ಯಾಕೆ ಹಾಗೆ ಮಾಡಿದರು ಅನ್ನುವುದಲ್ಲ. ‘ಪಾಯಿಂಟ್ ಮೂವತ್ತೈದು’ ಅಂತ ಓದುವುದನ್ನು ನನಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ನನ್ನ ಮೇಷ್ಟ್ರು ಹಾಗೆ ಓದುತ್ತಿದ್ದರು. ಅದು ತಪ್ಪಬೇಕಾದರೆ ಹೊರಗಿನ ಒಂದು ಕಿವಿ ಬೇಕಿತ್ತು.

ಇದೆಲ್ಲ ಇಂಟರ್ನೆಟ್ಟಿನಿಂದ ಶುರುವಾಯಿತು ಅಂದುಕೊಳ್ಳಬೇಡಿ. ಸೆಲೆಸ್ಟಾಂ ಫ್ರೆನೆ ಎಂಬ ಫ್ರೆಂಚ್ ಮೇಷ್ಟ್ರ ಕಥೆ ನನಗೆ ಬಹಳ ಇಷ್ಟ. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಪೆಟ್ಟು ಬಿದ್ದು, ಹೆಚ್ಚು ಹೊತ್ತು ಮಾತಾಡಿದರೆ ಉಸಿರು ಹತ್ತುತ್ತಿರಲಿಲ್ಲ. 1920ರಲ್ಲಿ ದಕ್ಷಿಣ ಫ್ರಾನ್ಸಿನ ಬಾರ್-ಸುರ್-ಲೂ ಎಂಬ ಗುಡ್ಡದ ಹಳ್ಳಿಯ ಶಾಲೆಗೆ ಬಂದರು. ಮೇಷ್ಟ್ರಿಗೇ ಮಾತಾಡಲು ಆಗದಿದ್ದರೆ ಪಾಠ ಹೇಗೆ? 1924ರಲ್ಲಿ ಒಂದು ಪುಟ್ಟ ಮುದ್ರಣ ಯಂತ್ರ ತಂದು ಕ್ಲಾಸಿನಲ್ಲಿಟ್ಟರು. ಮಕ್ಕಳು ತಮ್ಮ ದಿನದ ಸುದ್ದಿ ತಾವೇ ಬರೆದು, ಅಚ್ಚಿನ ಮೊಳೆ ಜೋಡಿಸಿ, ಮುದ್ರಿಸಿದರು. ಆಮೇಲೆ ಆ ಹಾಳೆಗಳು ಅಂಚೆಯಲ್ಲಿ ದೇಶದ ಇನ್ನೊಂದು ತುದಿಗೆ, ಬ್ರಿಟನಿಯ ಕಡಲ ತೀರದ ಟ್ರೆಗುಂಕ್‌ನಲ್ಲಿದ್ದ ರೆನೆ ದಾನಿಯೆಲ್ ಎಂಬ ಮೇಷ್ಟ್ರ ಶಾಲೆಗೆ ಹೋದವು. ಅಲ್ಲಿಂದ ಸಮುದ್ರದ ಸುದ್ದಿ ಬಂತು. ಇತ್ತ ಮಕ್ಕಳು ಓದುತ್ತಿದ್ದರೆ ಅತ್ತ ಇಬ್ಬರು ಮೇಷ್ಟ್ರುಗಳೂ ಒಬ್ಬರ ಕ್ಲಾಸನ್ನು ಇನ್ನೊಬ್ಬರು ಕಿಟಕಿಯಿಂದ ನೋಡಿದ ಹಾಗಾಯಿತು.

ಫ್ರೆನೆಯವರ ಈ ಪ್ರಯೋಗ ಶಿಕ್ಷಕರ ಒಂದು ಚಳವಳಿಯಾಗಿ ಬೆಳೆದ ಮೇಲೆ ಶಿಕ್ಷಕರ ಮಧ್ಯೆ ಸುತ್ತುವ ನೋಟ್‌ಬುಕ್ಕುಗಳೂ ಬಂದವು. ಒಬ್ಬರು ತಮ್ಮ ಕ್ಲಾಸಿನ ಒಂದು ಸಮಸ್ಯೆ ಬರೆದು ಮುಂದಿನವರಿಗೆ ಅಂಚೆಯಲ್ಲಿ ಕಳಿಸುವುದು. ಅವರು ತಮ್ಮದನ್ನು ಸೇರಿಸಿ ಮತ್ತೊಬ್ಬರಿಗೆ. ಸುತ್ತಿ ಸುತ್ತಿ ಮೊದಲಿನವರ ಕೈಗೆ ಬರುವಾಗ ಅದರಲ್ಲಿ ಎಷ್ಟೋ ಜನರ ಕೈಬರಹ. ನನಗೆ 11 ಉತ್ತರ ಒಂದೇ ರಾತ್ರಿಯಲ್ಲಿ ಬಂತು, ಅವರು ವಾರಗಟ್ಟಲೆ ಕಾಯಬೇಕಿತ್ತು. ಆದರೆ ಅಂಚೆ ಖರ್ಚು ಹಾಕಿ ಕಳಿಸುವ ನೋಟ್‌ಬುಕ್ಕಿನಲ್ಲಿ ಯಾರೂ ಹೂಗೊಂಚಲಿನ ಚಿತ್ರದ ಜೊತೆ ‘ಶುಭೋದಯ’ ಬರೆದಿರಲಾರರು.

ಹೂಗೊಂಚಲಿನ ಮಾತು ಬಂತಲ್ಲ, ನಮ್ಮ ನಮ್ಮ ಗ್ರೂಪುಗಳ ಕಡೆ ನೋಡೋಣ. ಇಲ್ಲಿ ಕೂತ ಪ್ರತಿಯೊಬ್ಬರ ಫೋನಿನಲ್ಲೂ ಕಡಿಮೆ ಅಂದರೆ ನಾಲ್ಕು ಶಿಕ್ಷಕರ ಗ್ರೂಪ್ ಇರುತ್ತದೆ. ಅವುಗಳಲ್ಲಿ ಹೆಚ್ಚಿನವು ಕಲಿಕಾ ಜಾಲಗಳಲ್ಲ, ನೋಟಿಸ್ ಬೋರ್ಡುಗಳು. ಸುತ್ತೋಲೆ ಬರುತ್ತದೆ, ‘ನೋಟೆಡ್ ಸರ್’ ಅಂತ ಅರವತ್ತು ಜನ ಹಾಕುತ್ತಾರೆ. ಹುಟ್ಟುಹಬ್ಬ, ನಿವೃತ್ತಿ, ಅಭಿನಂದನೆ. ಮಂತ್ರಕ್ಕಿಂತ ಉಗುಳೇ ಜಾಸ್ತಿ. ಅದು ತಪ್ಪು ಅನ್ನುತ್ತಿಲ್ಲ, ನೋಟಿಸ್ ಬೋರ್ಡೂ ಬೇಕು. ಆದರೆ ಮುಖ್ಯೋಪಾಧ್ಯಾಯರು, ಮೇಲಿನ ಅಧಿಕಾರಿಗಳು ಇರುವ ಗ್ರೂಪಿನಲ್ಲಿ ‘ನನ್ನ ಪಾಠ ಮಕ್ಕಳಿಗೆ ಹತ್ತಲಿಲ್ಲ’ ಅಂತ ಯಾರು ಬರೆಯುತ್ತಾರೆ ಹೇಳಿ? ವರ್ಷದ ಕೊನೆಗೆ ನಮ್ಮ ಕೆಲಸಕ್ಕೆ ಅಂಕ ಹಾಕುವವರ ಎದುರು ಸೋಲು ತೋಡಿಕೊಳ್ಳಲು ಯಾರಿಗೂ ಮನಸ್ಸಾಗುವುದಿಲ್ಲ. ಸೋಲಿನ ಮಾತೇ ಬಾರದ ಕಡೆ ಕಲಿಯುವುದಕ್ಕೆ ಏನೂ ಸಿಗುವುದಿಲ್ಲ. ಆ ಗ್ರೂಪಿನಲ್ಲಿ ಬೀಳುವುದೆಲ್ಲ ಬಣ್ಣಬಣ್ಣದ ಚಾರ್ಟು, ನಗುವ ಮಕ್ಕಳು, ಚಪ್ಪಾಳೆ. ದೂರದ ಬೆಟ್ಟ ನುಣ್ಣಗೆ ಅಂತ ಗೊತ್ತಿದ್ದೂ, ಅದನ್ನು ನೋಡಿ ನಮ್ಮ ಕ್ಲಾಸ್ ಬಗ್ಗೆ ನಾವೇ ಬೇಜಾರು ಮಾಡಿಕೊಳ್ಳುತ್ತೇವೆ.

ಗುರುತಿಲ್ಲದವರು ಇಲ್ಲೇ ಕೆಲಸಕ್ಕೆ ಬರುತ್ತಾರೆ. ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ 1973ರಲ್ಲಿ ಪ್ರಕಟಿಸಿದ ಒಂದು ಲೇಖನ ಈ ವಿಷಯದಲ್ಲಿ ಬಹಳ ಪ್ರಸಿದ್ಧ. ಪರಿಚಯದವರ ಮೂಲಕ ಹೊಸ ಕೆಲಸ ಹಿಡಿದವರನ್ನು ಅವರು ಕೇಳಿದ್ದು: ‘ಆ ಕೆಲಸದ ಸುದ್ದಿ ಕೊಟ್ಟವರನ್ನು ನೀವು ಆಗ ಎಷ್ಟು ಸಲ ಭೇಟಿಯಾಗುತ್ತಿದ್ದಿರಿ?’ ವಾರಕ್ಕೆ ಎರಡು ಸಲವಾದರೂ ಸಿಗುವವರಿಂದ ಅಂದವರು 100ಕ್ಕೆ ಸುಮಾರು 17. ಅಪರೂಪಕ್ಕೆ, ಅಂದರೆ ವರ್ಷಕ್ಕೊಂದು ಸಲವೋ ಅದಕ್ಕೂ ಕಡಿಮೆಯೋ ಸಿಗುವವರಿಂದ ಅಂದವರು ಸುಮಾರು 28. ಉಳಿದವರೆಲ್ಲ ನಡುವಿನವರು. ಕಾರಣ ಸರಳ. ದಿನಾ ಸಿಗುವವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ನನ್ನ ಸ್ಟಾಫ್ ರೂಮಿನವರು ದಡ್ಡರಲ್ಲ, ನನ್ನ ಹಾಗೇ ಓದಿದವರು, ನನ್ನ ಹಾಗೇ ‘ಪಾಯಿಂಟ್ ಮೂವತ್ತೈದು’ ಅನ್ನುವವರು. ಹಾಗಾಗಿ ಆ ಮಾತು ಯಾರ ಕಿವಿಗೂ ಕೊಂಕಾಗಿ ಕೇಳಿಸಲಿಲ್ಲ.

ಇನ್ನೊಂದು ಕಡೆಯಿಂದಲೂ ನೋಡಬೇಕು. ಸ್ಟಾಫ್ ರೂಮಿನವರು ಕಷ್ಟಕ್ಕಾಗುತ್ತಾರೆ, ನನ್ನ ಕ್ಲಾಸಿನ ಆ ಹುಡುಗಿಯನ್ನು ಹೆಸರು ಹಿಡಿದು ಬಲ್ಲರು. ಆನ್‌ಲೈನಿನವರು ಅದನ್ನು ಮಾಡಲಾರರು. ಒಂದನ್ನು ಬಿಟ್ಟು ಇನ್ನೊಂದು ಅಂತ ನಾನು ಹೇಳುತ್ತಿಲ್ಲ. ಜೆಫ್ರಿ ಕಾರ್ಪೆಂಟರ್ ಮತ್ತು ಡೇನಿಯಲ್ ಕ್ರುಟ್ಕಾ ಎಂಬ ಇಬ್ಬರು ಸಂಶೋಧಕರು ಟ್ವಿಟರ್ ಬಳಸುವ 755 ಶಿಕ್ಷಕರನ್ನು ಕೇಳಿ 2014ರಲ್ಲಿ ಬರೆದ ವರದಿಯಲ್ಲಿ, ಹೊಸ ಐಡಿಯಾಗಳ ಜೊತೆಗೆ ಮತ್ತೆ ಮತ್ತೆ ಬಂದ ಇನ್ನೊಂದು ಮಾತು ಒಂಟಿತನದ್ದು. ತಮ್ಮ ಹಾಗೇ ಯೋಚಿಸುವವರು ಇನ್ನೂ ಇದ್ದಾರೆ ಅಂತ ಗೊತ್ತಾಗುವುದು. ಒಂದು ಶಾಲೆಗೆ ಒಬ್ಬರೇ ಸಂಗೀತ ಶಿಕ್ಷಕರು, ಒಬ್ಬರೇ ವಿಶೇಷ ಶಿಕ್ಷಕರು ಇರುತ್ತಾರಲ್ಲ, ಅವರನ್ನು ಕೇಳಿ ನೋಡಿ.

ಈಗ ಬರೆಯದೇ ಇರುವವರ ವಿಷಯ. ನಾನು ಒಂದೂವರೆ ವರ್ಷ ಸುಮ್ನೆ ಓದುತ್ತಿದ್ದೆ ಅಂದೆನಲ್ಲ, ಅದನ್ನು ಸೋಮಾರಿತನ ಅಂತ ಬೈಯುವವರಿದ್ದಾರೆ. ಆನ್‌ಲೈನ್ ಗುಂಪುಗಳ ಬಗ್ಗೆ 2006ರಲ್ಲಿ ಯಾಕೋಬ್ ನೀಲ್ಸನ್ ಎಂಬ ವೆಬ್ ತಜ್ಞರು ಒಂದು ಅಂದಾಜು ಸೂತ್ರ ಹೇಳಿದ್ದರು. 100 ಜನರಲ್ಲಿ 90 ಮಂದಿ ಓದುತ್ತಾರೆ ಅಷ್ಟೇ, 9 ಮಂದಿ ಆಗಾಗ ಏನಾದರೂ ಬರೆಯುತ್ತಾರೆ, ಒಬ್ಬರೇ ಹೆಚ್ಚಿನದ್ದೆಲ್ಲ ಬರೆಯುತ್ತಾರೆ. ಹಾಗಾದರೆ ಆ 90 ಜನ ದಂಡವೇ? ಜೀನ್ ಲೇವ್ ಎಂಬ ಮಾನವಶಾಸ್ತ್ರಜ್ಞೆ ಪಶ್ಚಿಮ ಆಫ್ರಿಕಾದ ಲೈಬೀರಿಯಾದಲ್ಲಿ ದರ್ಜಿಗಳ ಜೊತೆ ಇದ್ದು, ಅಲ್ಲಿ ಹುಡುಗರು ಕಸುಬು ಕಲಿಯುವ ರೀತಿಯನ್ನು ನೋಡಿ ಬರೆದಿದ್ದಾರೆ. ಹೊಸ ಹುಡುಗನಿಗೆ ಮೊದಲು ಕೊಡುವುದು ಗುಂಡಿ ಹಚ್ಚುವುದು, ಅಂಚು ಮಡಿಸಿ ಹೊಲಿಯುವುದು. ಬಟ್ಟೆ ಮುಗಿಯುವ ಕೊನೆಯ ಕೆಲಸ ಅವನ ಮೊದಲ ಪಾಠ. ಆಮೇಲೆ ತುಂಡುಗಳನ್ನು ಜೋಡಿಸಿ ಹೊಲಿಯುವುದು. ಕತ್ತರಿಸುವುದು ಎಲ್ಲಕ್ಕಿಂತ ಕಡೆಗೆ. ತಪ್ಪು ಹೊಲಿಗೆ ಬಿಚ್ಚಬಹುದು, ತಪ್ಪಾಗಿ ಕತ್ತರಿಸಿದ್ದನ್ನು ಏನೂ ಮಾಡಲಾಗದು. ಗುಂಡಿ ಹಚ್ಚುತ್ತಾ ಕೂತ ಹುಡುಗ ಮುಗಿದ ಅಂಗಿ ಹೇಗಿರುತ್ತದೆ ಅಂತ ನೂರಾರು ಸಲ ನೋಡಿರುತ್ತಾನೆ. ಅಂಚಿನಲ್ಲಿ ಕೂರುವುದೂ ಕಲಿಕೆಯೇ ಅಂತ ಲೇವ್ ಮತ್ತು ಎಟಿಯೆನ್ ವೆಂಗರ್ 1991ರಲ್ಲಿ ವಾದಿಸಿದರು.

ನಾನೂ ಆ ಒಂದೂವರೆ ವರ್ಷದಲ್ಲಿ ಪ್ರಶ್ನೆ ಕೇಳುವುದು ಹೇಗೆ ಅಂತ ಕಲಿತಿದ್ದೆ. ‘ದಶಮಾಂಶ ಹೇಗೆ ಕಲಿಸಬೇಕು?’ ಅಂತ ಕೇಳಿದವರಿಗೆ ಉಪದೇಶ ಸಿಗುತ್ತಿತ್ತು. ಮಗುವಿನ ಉತ್ತರದ ಫೋಟೊ ಹಾಕಿದವರಿಗೆ ಮರುಪ್ರಶ್ನೆ ಸಿಗುತ್ತಿತ್ತು. ಆದರೆ ಆ ದರ್ಜಿ ಹುಡುಗ ಬರೀ ನೋಡುತ್ತಿರಲಿಲ್ಲ, ಗುಂಡಿಯನ್ನಾದರೂ ಹಚ್ಚುತ್ತಿದ್ದ. ವರ್ಷಗಟ್ಟಲೆ ಕೈಗೆ ಸೂಜಿಯನ್ನೇ ಮುಟ್ಟಿಸದೆ ಕೂತರೆ ಅದು ಅಂಗಡಿ ಮುಂದೆ ನಿಂತು ನೋಡಿದ ಹಾಗೆ.

ಸೇವ್ ಮಾಡುವ ಚಟ ಇದರ ಅಣ್ಣ. ಒಂದು ಸಲ ನನ್ನ ಫೋನಿನಲ್ಲಿ ‘ಆಮೇಲೆ ನೋಡೋಣ’ ಅಂತ ಇಟ್ಟದ್ದನ್ನೆಲ್ಲ ಎಣಿಸಿದೆ. ವರ್ಕ್‌ಶೀಟು, ವಿಡಿಯೊ, ಸ್ಕ್ರೀನ್‌ಶಾಟ್ ಸೇರಿ 340. ಕ್ಲಾಸಿನಲ್ಲಿ ಬಳಸಿದ್ದು ಒಂಬತ್ತು. ಆ ಒಂಬತ್ತೂ ಯಾರದೋ ಒಬ್ಬರ ಜೊತೆ ಎರಡು ಮಾತಾಡಿದ ಮೇಲೆ ಬಳಸಿದವು. ‘ಇದನ್ನ ಎಷ್ಟನೇ ಕ್ಲಾಸಿಗೆ ಮಾಡಿದ್ರಿ? ಎಲ್ಲಿ ಸಿಕ್ಕಿಹಾಕಿಕೊಂಡ್ರು?’ ಅಂತ ಕೇಳಿದವು. ಉಳಿದ 331 ಅನ್ನು ಒಂದು ಭಾನುವಾರ ಅಳಿಸಿದೆ. ಇವತ್ತಿನವರೆಗೆ ಒಂದೂ ನೆನಪಾಗಿಲ್ಲ.

ನನ್ನಿಂದಾದ ಎರಡು ಎಡವಟ್ಟನ್ನೂ ಹೇಳಿಬಿಡುತ್ತೇನೆ.

ಮೊದಲನೆಯದು ಆ ದಶಮಾಂಶದ ಫೋಟೊದ್ದೇ. ಹಾಕಿದ ಹತ್ತು ನಿಮಿಷಕ್ಕೆ ಒಬ್ಬರು ನನಗೊಬ್ಬಳಿಗೇ ಬೇರೆಯಾಗಿ ಮೆಸೇಜ್ ಮಾಡಿದರು. ‘ಮೇಡಂ, ಮೇಲ್ಗಡೆ ಮಗುವಿನ ಹೆಸರು ಕಾಣ್ತಿದೆ.’ ಹಾಳೆಯ ಮೂಲೆಯಲ್ಲಿ ಹೆಸರು, ತರಗತಿ, ರೋಲ್ ನಂಬರ್ ಎಲ್ಲ ಮುದ್ದಾಗಿ ಬರೆದಿತ್ತು. ತೆಗೆದು, ಕತ್ತರಿಸಿ, ಮತ್ತೆ ಹಾಕಿದೆ. ಸೋಲನ್ನು ಹಂಚಿಕೊಳ್ಳಿ ಅಂತ ಇಷ್ಟು ಹೊತ್ತು ಹೇಳಿದೆನಲ್ಲ, ಹಂಚಬೇಕಾದದ್ದು ನಮ್ಮ ಪಾಠದ ಸೋಲು. ಆ ತಪ್ಪು ಉತ್ತರಕ್ಕೆ ಒಂದು ಹೆಸರು, ಒಂದು ಮುಖ ಅಂಟಿಕೊಂಡರೆ ಅದು ಮಗುವಿನ ಸೋಲಾಗುತ್ತದೆ. ಅದನ್ನು ಲೋಕಕ್ಕೆ ತೋರಿಸುವ ಹಕ್ಕು ನಮಗೆ ಯಾರೂ ಕೊಟ್ಟಿಲ್ಲ. ಈಗ ನಾನು ಮಗುವಿನ ಕೈಬರಹವನ್ನೂ ಹಾಕುವುದಿಲ್ಲ, ನಾನೇ ಇನ್ನೊಂದು ಹಾಳೆಯಲ್ಲಿ ಹಾಗೇ ಬರೆದು ಫೋಟೊ ತೆಗೆಯುತ್ತೇನೆ.

ಎರಡನೆಯದು ಒಂದು ಪಿರಮಿಡ್ಡಿನ ಚಿತ್ರ. ನಿಮಗೂ ಬಂದಿರುತ್ತದೆ. ಓದಿದರೆ 10 ಶೇಕಡ ನೆನಪಿರುತ್ತದೆ, ಕೇಳಿದರೆ 20, ನೋಡಿದರೆ 30, ಹೀಗೆ ಮಾಡಿ ಕಲಿತರೆ 90. ನಾನೂ ಉತ್ಸಾಹದಿಂದ ಮೂರು ಗ್ರೂಪಿಗೆ ಕಳಿಸಿದೆ. ಒಬ್ಬರು ಕೇಳಿದರು: ‘ಎಲ್ಲವೂ ಹತ್ತು ಹತ್ತರ ಲೆಕ್ಕದಲ್ಲೇ ಬಂದಿದೆಯಲ್ಲ, ನಿಜವಾಗಿ ಅಳೆದರೆ ಹಾಗೆ ಬರುತ್ತಾ?’ ಹುಡುಕಿದೆ. ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್ 1946ರಲ್ಲಿ ಅನುಭವಗಳ ಒಂದು ಶಂಕುವಿನ ಚಿತ್ರ ಬರೆದಿದ್ದರು, ನಿಜ. ಅದರಲ್ಲಿ ಒಂದೇ ಒಂದು ಶೇಕಡಾವಾರು ಇರಲಿಲ್ಲ. ಅಂಕಿಗಳನ್ನು ಆಮೇಲೆ ಯಾರೋ ಅಂಟಿಸಿದ್ದು, ಅದಕ್ಕೆ ಆಧಾರವೂ ಇಲ್ಲ. ನೋಡಿ ಕಲಿಯುವ ಮಗು, ಕೇಳಿ ಕಲಿಯುವ ಮಗು ಅಂತ ವಿಂಗಡಿಸುವ ‘ಕಲಿಕಾ ಶೈಲಿ’ಯ ಕಥೆಯೂ ಇಂಥದ್ದೇ. ಆಯಾ ಶೈಲಿಗೆ ತಕ್ಕಂತೆ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಅನ್ನಲು ಸಾಕಷ್ಟು ಪುರಾವೆ ಇಲ್ಲ ಅಂತ ಮನಶ್ಶಾಸ್ತ್ರಜ್ಞ ಹೆರಾಲ್ಡ್ ಪ್ಯಾಶ್ಲರ್ ಮತ್ತು ಜೊತೆಯವರು 2008ರಲ್ಲೇ ಪರಿಶೀಲಿಸಿ ಹೇಳಿದರು. ಫಾರ್ವರ್ಡುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಒಳ್ಳೆಯ ಮಾತು ಓಡುವ ದಾರಿಯಲ್ಲೇ ಸುಳ್ಳೂ ಓಡುತ್ತದೆ, ಸುಳ್ಳಿಗೆ ಬಣ್ಣದ ಚಿತ್ರ ಬೇರೆ ಇರುತ್ತದೆ. ನನ್ನನ್ನು ತಡೆದು ಕೇಳುವ ಒಬ್ಬರು ಜಾಲದಲ್ಲಿದ್ದರು ಅನ್ನುವುದು ನನ್ನ ಪುಣ್ಯ. ಅಂಥವರನ್ನು ‘ಯಾವಾಗ್ಲೂ ಕೊಂಕು’ ಅಂತ ಗ್ರೂಪಿನಿಂದ ತೆಗೆಯುವ ಅಡ್ಮಿನ್‌ಗಳನ್ನೂ ಕಂಡಿದ್ದೇನೆ.

ಯಾವ ಆ್ಯಪ್, ಯಾವ ಸೈಟ್ ಅಂತ ಚೀಟಿ ಬಂದಿದೆ. ಇದಕ್ಕೆ ಜಾಸ್ತಿ ಹೊತ್ತು ಕೊಡುವುದಿಲ್ಲ. ಹ್ಯಾಶ್‌ಟ್ಯಾಗ್ ಅನ್ನು ಟ್ವಿಟರ್‌ನಲ್ಲಿ ಮೊದಲು ಸೂಚಿಸಿದ್ದು 2007ರಲ್ಲಿ, ಎರಡು ವರ್ಷಕ್ಕೆ ಶಿಕ್ಷಕರು ಎಡ್‌ಚಾಟ್ ಅನ್ನುವ ಹ್ಯಾಶ್‌ಟ್ಯಾಗ್ ಹಿಡಿದು ವಾರಕ್ಕೊಮ್ಮೆ ಅಲ್ಲಿ ಸೇರಿ ಚರ್ಚೆ ಮಾಡುತ್ತಿದ್ದರು. 2022ರಲ್ಲಿ ಆ ಕಂಪನಿ ಕೈ ಬದಲಾಯಿತು, 2023ರಲ್ಲಿ ಹೆಸರೂ ಎಕ್ಸ್ ಆಯಿತು, ಬಹಳ ಜನ ಚದುರಿಹೋದರು. ಎಷ್ಟೋ ಜನ ಬ್ಲಾಗುಗಳನ್ನೆಲ್ಲ ಒಂದೇ ಕಡೆ ಓದುವುದಕ್ಕೆ ನೆಚ್ಚಿಕೊಂಡಿದ್ದ ಗೂಗಲ್ ರೀಡರ್ 2013ರಲ್ಲಿ ಮುಚ್ಚಿತು. ಶಿಕ್ಷಕರಿಗೆಂದೇ 2008ರಲ್ಲಿ ಹುಟ್ಟಿದ್ದ ಎಡ್ಮೋಡೊ ಎಂಬ ಸೈಟ್ 2022ರಲ್ಲಿ ಬಾಗಿಲು ಹಾಕಿತು. ಹಾಗಾಗಿ ಹೆಸರು ಹೇಳಿದರೂ ನಾಲ್ಕು ವರ್ಷಕ್ಕೆ ಹಳಸುತ್ತದೆ. ನಾನು ಮಾಡುವುದು ಇಷ್ಟೇ: ಯಾರ ಮಾತಿನಿಂದ ನನ್ನ ಪಾಠ ಒಂದು ಸಲವಾದರೂ ಬದಲಾಯಿತೋ ಅವರ ಇಮೇಲ್ ವಿಳಾಸ ಕೇಳಿ ಇಟ್ಟುಕೊಳ್ಳುತ್ತೇನೆ. ಈಗ 14 ಜನರದ್ದಿದೆ. ಸಾವಿರ ಜನರನ್ನು ಫಾಲೋ ಮಾಡಿದ್ದಕ್ಕಿಂತ ಈ 14 ನನಗೆ ಹೆಚ್ಚು.

ಹೊತ್ತಿನ ಬಗ್ಗೆಯೂ ಕೇಳಿದ್ದಾರೆ. ಮೊದಲ ವರ್ಷ ನನಗೂ ರಾತ್ರಿ ಹನ್ನೊಂದಾಗುತ್ತಿತ್ತು, ಮನೆಯವರು ಬೈದರು, ಸರಿಯಾಗೇ ಬೈದರು. ಈಗ ವಾರಕ್ಕೆ ಎರಡು ದಿನ, ಇಪ್ಪತ್ತು ನಿಮಿಷ. ಒಂದು ಪ್ರಶ್ನೆ ಇದ್ದರೆ ಮಾತ್ರ ಒಳಗೆ ಹೋಗುತ್ತೇನೆ. ಪ್ರಶ್ನೆ ಇಲ್ಲದೆ ಹೋದ ದಿನ ಬರಿಗೈಯಲ್ಲೇ ಬಂದಿದ್ದೇನೆ.

ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. ಸಲಹೆ ತೆಗೆದುಕೊಂಡು ಹೋದವರು ತಿರುಗಿ ಬಂದು ಏನಾಯಿತು ಅಂತ ಹೇಳುವುದಿಲ್ಲ. ‘ಥ್ಯಾಂಕ್ಯೂ ಮೇಡಂ’ ಅಂತ ಕೈಮುಗಿಯುವ ಚಿತ್ರ ಹಾಕಿದರೆ ಮುಗೀತು. ನಾನು ಆ ಆರು ಮಕ್ಕಳ ವಿಷಯ ಗುಂಪಿಗೆ ಹೋಗಿ ಬರೆದಾಗ, ಮೂರು ಶಿಕ್ಷಕರು ತಮ್ಮ ಕ್ಲಾಸಿನಲ್ಲಿ ಎರಡೂ ಜೋಡಿ ಸಂಖ್ಯೆ ಕೊಟ್ಟು ನೋಡಿದರು. ಒಬ್ಬರ ಕ್ಲಾಸಿನಲ್ಲಿ ನನ್ನದಕ್ಕಿಂತ ಜಾಸ್ತಿ ಮಕ್ಕಳು ಸಿಕ್ಕರು. ಸೊನ್ನೆ ಹಾಕಿಸಿ ಅಂದಿದ್ದವರಲ್ಲಿ ಒಬ್ಬರು, ಸಂಖ್ಯಾರೇಖೆಯ ಮೇಲೆ ಮಕ್ಕಳನ್ನೇ ನಿಲ್ಲಿಸುವ ಒಂದು ಆಟ ಕಟ್ಟಿಕೊಂಡು ಬಂದರು. ಅದು ನನ್ನ ಕ್ಲಾಸಿನಲ್ಲಿ ಸರಿಯಾಗಿ ನಡೆಯಲಿಲ್ಲ, ಜಾಗ ಸಾಲಲಿಲ್ಲ, ಗಲಾಟೆಯಾಯಿತು. ಅದನ್ನೂ ಬರೆದೆ. ಹಗ್ಗ ಕಟ್ಟಿ ಕ್ಲಿಪ್ಪಿನಲ್ಲಿ ಚೀಟಿ ಸಿಕ್ಕಿಸಿ ಅಂದರು. ಅದು ನಡೆಯಿತು.

ಮಾತು ಮುಗಿದ ಮೇಲೆ ಪ್ರಶ್ನೆಗಳಿಗೆ ಹೊತ್ತು ಇತ್ತು. ಹಿಂದಿನ ಸಾಲಿನಿಂದ ಒಬ್ಬರು ಶಿಕ್ಷಕಿ ಕೇಳಿದರು: ‘ನಾನು ಚಿಕ್ಕ ಮಕ್ಕಳಿಗೆ ಪಾಠ ಮಾಡೋದು ಮೇಡಂ. ನನ್ನ ಹತ್ರ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಏನು ಅಂತ ಹಾಕಲಿ?’ ಈ ವಾರ ನಿಮ್ಮನ್ನು ಬೆರಗು ಮಾಡಿದ ಒಂದು ತಪ್ಪು ಉತ್ತರ ಇದೆಯಾ ಅಂದೆ. ಸ್ವಲ್ಪ ಹೊತ್ತು ಯೋಚಿಸಿ ಫೋನ್ ತೆಗೆದರು. 100 − 37 ಅನ್ನುವ ಲೆಕ್ಕಕ್ಕೆ ಒಂದು ಮಗು 73 ಅಂತ ಬರೆದಿತ್ತು. ಕಡ ತೆಗೆದುಕೊಂಡಿದೆ, ಹತ್ತರಲ್ಲಿ ಏಳು ಕಳೆದು ಮೂರು ಬರೆದಿದೆ. ಹತ್ತರ ಸ್ಥಾನದಲ್ಲೂ ಮತ್ತೆ ಹತ್ತೇ ಅಂದುಕೊಂಡು ಮೂರು ಕಳೆದು ಏಳು ಬರೆದಿದೆ. ಫೋಟೊದಲ್ಲಿ ಹೆಸರು ಇರಲಿಲ್ಲ, ಅದನ್ನು ಮೊದಲು ನೋಡಿದೆ.

ಅಷ್ಟರಲ್ಲಿ ಅಕ್ಕಪಕ್ಕದ ನಾಲ್ಕೈದು ಜನ ಆ ಫೋನಿನ ಮೇಲೆ ಬಗ್ಗಿದ್ದರು. ಒಬ್ಬರು, ಕಡ ಕೊಟ್ಟ ಮೇಲೆ ಒಂಬತ್ತಾಗುತ್ತೆ ಅಂತ ಮತ್ತೆ ಹೇಳಿಕೊಡಿ ಅಂದರು. ಇನ್ನೊಬ್ಬರು, ಅವರಿಬ್ಬರಿಗೂ ಪರಸ್ಪರ ಪರಿಚಯ ಇದ್ದಂತೆ ಕಾಣಲಿಲ್ಲ, ‘ಇದೇ ಮಗು 52 − 37 ಹೇಗೆ ಮಾಡಿದೆ, ನೋಡಿದ್ರಾ? ಸೊನ್ನೆ ಬಂದಾಗ ಮಾತ್ರ ಹೀಗಾ, ಯಾವಾಗ್ಲೂ ಹೀಗಾ?’ ಅಂತ ಕೇಳಿದರು.

ಆ ಶಿಕ್ಷಕಿ ಫೋಟೊವನ್ನು ದೊಡ್ಡದು ಮಾಡಿ ಕೆಳಗೆ ಎಳೆದು ನೋಡಿದರು. ಅದರಲ್ಲಿ ಇದ್ದದ್ದು ಆ ಒಂದೇ ಲೆಕ್ಕ. ‘ನೋಡಿಲ್ಲ ಸರ್’ ಅಂದರು. ಬ್ಯಾಗಿನಿಂದ ಪೆನ್ನು ತೆಗೆದು, ಅಂಗೈ ಮೇಲೆ 52 − 37 ಅಂತ ಬರೆದುಕೊಂಡರು.